ಸೈಕಲ್ ಪ್ರವಾಸಕ್ಕೆ ಸದ್ದಿಲ್ಲದ ದಾರಿ ಯಾವುದು: ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಬಿಸಿಲೆ

ಚಿಕ್ಕಮಗಳೂರು ಮತ್ತು ಸಕಲೇಶಪುರದ ಕಡೆಗೆ ಸೈಕಲ್ ತುಳಿಯಲು ಬರುವವರು ಹೆಚ್ಚಾಗಿ ಶಿಖರದ ಎತ್ತರ ನೋಡಿ ದಾರಿಯನ್ನು ಆರಿಸಿಕೊಳ್ಳುತ್ತಾರೆ. ಚಿಕ್ಕಮಗಳೂರಿನಲ್ಲೇ ಬೆಳೆದು, ಕ್ಯಾರಿಯರ್‌ನ ಎರಡೂ ಬದಿಗೆ ಚೀಲ ಕಟ್ಟಿಕೊಂಡು ಈ ಸೀಮೆಯ ಘಾಟಿಗಳನ್ನು ಬೇರೆ ಬೇರೆ ಋತುಗಳಲ್ಲಿ ಹತ್ತಿ ಇಳಿದಿರುವ ನನಗೆ, ಎತ್ತರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದು ಅನ್ನಿಸುತ್ತದೆ: ಆ ರಸ್ತೆ ಯಾರಿಗೆ, ಯಾವ ಹೊತ್ತಿನಲ್ಲಿ ಬೇಕಾಗಿದೆ? ಎಂಜಿನ್ ಸದ್ದು ಕಿವಿಗೆ ಬೀಳದೆ ಎಷ್ಟು ಹೊತ್ತು ಪೆಡಲ್ ತುಳಿಯಬಹುದು ಎಂಬುದನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡು ಇಲ್ಲಿ ಮೂರು ದಾರಿಗಳನ್ನು ಹೋಲಿಸಿದ್ದೇನೆ. ಶಿರಾಡಿ ಮತ್ತು ಚಾರ್ಮಾಡಿ ಘಾಟಿಗಳು ಈ ಹೋಲಿಕೆಗೆ ಬರುವುದಿಲ್ಲ. ಕರಾವಳಿಗೆ ಇಳಿಯುವ ಆ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸೈಕಲ್ ಸವಾರನಿಗೆ ಉಳಿಯುವುದು ರಸ್ತೆಯ ಅಂಚು ಮಾತ್ರ.

ಮೊದಲನೆಯದು ಎಲ್ಲರೂ ಬಲ್ಲ ಮುಳ್ಳಯ್ಯನಗಿರಿ. ಸುಮಾರು 1,090 ಮೀಟರ್ ಎತ್ತರದಲ್ಲಿರುವ ಚಿಕ್ಕಮಗಳೂರಿನಿಂದ ಹೊರಟು, ಕೈಮರ ಎಂಬ ಕೂಡುರಸ್ತೆಯಲ್ಲಿ ಎಡಕ್ಕೆ ಗಿರಿಯ ರಸ್ತೆಯನ್ನು ಹಿಡಿದು, ಸೀತಾಳಯ್ಯನಗಿರಿಯ ಮೂಲಕ 1,930 ಮೀಟರಿನ ಶಿಖರದ ಬುಡಕ್ಕೆ ತಲುಪುವ ಈ ದಾರಿಯ ಉದ್ದ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಕೈಮರದವರೆಗಿನ ಏರು ಸೌಮ್ಯವಾಗಿರುವುದರಿಂದ, ಸುಮಾರು ಎಂಟು ನೂರು ಮೀಟರಿನ ಒಟ್ಟು ಏರಿನಲ್ಲಿ ಬಹುಪಾಲು ಉಳಿದ ಅರ್ಧ ದಾರಿಯಲ್ಲೇ ಒತ್ತೊತ್ತಾಗಿ ಬರುತ್ತದೆ. ಕಾಫಿ ತೋಟ ಮುಗಿದು ಶೋಲಾ ಕಾಡು ಮತ್ತು ಬೋಳು ಹುಲ್ಲುಗಾವಲು ತೆರೆದುಕೊಳ್ಳುವ ಆ ಮೇಲಿನ ಭಾಗದಷ್ಟು ವಿಶಾಲವಾದ ನೋಟ ಉಳಿದೆರಡು ದಾರಿಗಳಲ್ಲಿ ಇಲ್ಲ. ಆದರೆ ಈ ರಸ್ತೆಗೆ ಬರುವವರೆಲ್ಲ ಒಂದೇ ಕಾರಣಕ್ಕೆ, ಒಂದೇ ಹೊತ್ತಿಗೆ ಬರುತ್ತಾರೆ. ಶನಿವಾರ, ಭಾನುವಾರ ಬೆಳಗಿನಲ್ಲಿ ಬಾಡಿಗೆ ಜೀಪು, ಟೆಂಪೊ, ಬೈಕುಗಳ ಸಾಲು ಕೈಮರದಿಂದಲೇ ಆರಂಭವಾಗುತ್ತದೆ. ಸೀತಾಳಯ್ಯನಗಿರಿಯಿಂದ ಮೇಲಕ್ಕೆ ರಸ್ತೆ ಇನ್ನೂ ಕಿರಿದಾಗಿ, ಎದುರು ಬರುವ ಕಾರಿಗೆ ದಾರಿ ಬಿಡಲು ಸೈಕಲ್ ಸವಾರ ಕೆಳಗಿಳಿದು ನಿಲ್ಲಬೇಕಾಗುತ್ತದೆ, ಕಡಿದಾದ ಏರಿನಲ್ಲಿ ಹಾಗೆ ನಿಂತವನು ಮತ್ತೆ ಸೈಕಲ್ ಹತ್ತಿ ಹೊರಡುವುದು ಬಹಳ ಕಷ್ಟ. ಜಿಲ್ಲಾಡಳಿತವು ಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿಯ ವ್ಯವಸ್ಥೆ ತಂದದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. ಗುಡ್ಡದ ಧಾರಣಶಕ್ತಿಗೂ ಒಂದು ಕೊನೆಯಿದೆ. ವಾರದ ನಡುವಿನ ದಿನ, ಅದೂ ಶಾಲೆಗಳಿಗೆ ರಜೆಯಿಲ್ಲದ ತಿಂಗಳಿನಲ್ಲಿ ಹೋದರೆ ಇದೇ ದಾರಿಯಲ್ಲಿ ಗಾಳಿಯ ಸದ್ದನ್ನು ಬಿಟ್ಟು ಬೇರೇನೂ ಕೇಳಿಸದ ಹೊತ್ತು ಸಿಗುತ್ತದೆ. ಡಿಸೆಂಬರಿನಲ್ಲಿ ದತ್ತ ಜಯಂತಿಯ ಆಸುಪಾಸಿನ ದಿನಗಳಲ್ಲಿ ಗಿರಿಯ ಕಡೆ ನಿರ್ಬಂಧಗಳಿರುತ್ತವೆ, ಆಗ ಹೋಗುವುದು ಬೇಡ.

ಎರಡನೆಯ ದಾರಿಯೂ ಕೈಮರದವರೆಗೆ ಅದೇ. ಅಲ್ಲಿ ಗಿರಿಯ ಕಡೆಗೆ ತಿರುಗದೆ ನೇರವಾಗಿ ಸಂತವೇರಿ, ಲಿಂಗದಹಳ್ಳಿಯ ಕಡೆಗೆ ಹೋಗುವ ತರೀಕೆರೆ ರಸ್ತೆಯಲ್ಲಿ ಮುಂದುವರಿದರೆ, ಚಂದ್ರದ್ರೋಣ ಪರ್ವತ ಸಾಲಿನ ಪೂರ್ವದ ಮಗ್ಗುಲನ್ನು ಬಳಸಿಕೊಂಡು ಹೋದಂತಾಗುತ್ತದೆ. ಪ್ರವಾಸಿಗರ ವಾಹನಗಳಲ್ಲಿ ಬಹುಪಾಲು ಕೈಮರದಲ್ಲೇ ಎಡಕ್ಕೆ ತಿರುಗಿಬಿಡುವುದರಿಂದ, ಆ ಕೂಡುರಸ್ತೆಯನ್ನು ದಾಟಿದ ಕೆಲವೇ ನಿಮಿಷಗಳಲ್ಲಿ ಆಗುವ ವ್ಯತ್ಯಾಸವನ್ನು ಕಿವಿಯೇ ಹೇಳುತ್ತದೆ. ಸಂತವೇರಿಯ ಸುತ್ತ ಸಿಲ್ವರ್ ಓಕ್ ಮತ್ತು ಹಾಲುವಾಣದ ನೆರಳು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಿರುವಿಗೊಂದು ತೋಟದ ಗೇಟು. ಒಂದೇ ಸಮನೆ ಉಸಿರು ಕಟ್ಟಿಸುವ ಏರಿಲ್ಲ, ಇಳಿಜಾರಿನಲ್ಲೂ ಬ್ರೇಕಿಗೆ ಬಿಡುವು ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಗಿಡವನ್ನು ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದ ಮೇಲೆ ಇಲ್ಲಿ ಸೈಕಲ್ ತುಳಿಯುವವನಿಗೆ ಕಾಫಿ ಹೂವಿನ ಪರಿಮಳ ಕಿಲೋಮೀಟರುಗಟ್ಟಲೆ ಜೊತೆಯಾಗಿ ಬರುತ್ತದೆ, ಗಾಜು ಏರಿಸಿದ ಕಾರಿನಲ್ಲಿ ಹೋಗುವವರಿಗೆ ಇದು ತಿಳಿಯುವುದೇ ಇಲ್ಲ. ಕೊಯ್ಲಿನ ಕಾಲದಲ್ಲಿ, ಅಂದರೆ ನವೆಂಬರಿನಿಂದ ಜನವರಿಯವರೆಗೆ, ಬೆಳಿಗ್ಗೆ ಕೂಲಿಯಾಳುಗಳನ್ನು ತರುವ ಜೀಪುಗಳೂ ಸಂಜೆ ಹಣ್ಣಿನ ಮೂಟೆ ಹೊತ್ತ ಟ್ರ್ಯಾಕ್ಟರುಗಳೂ ಓಡಾಡುತ್ತವೆ. ಆದರೆ ಅವು ಈ ರಸ್ತೆಯನ್ನು ದಿನವೂ ಬಳಸುವ ಊರಿನವರ ವಾಹನಗಳಾದ್ದರಿಂದ, ಪಕ್ಕದಲ್ಲಿ ಸೈಕಲ್ ಇದ್ದರೆ ವೇಗ ತಗ್ಗಿಸಿ ಮುಂದೆ ಹೋಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿಯ ಮೂಲಕ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹತ್ತುವ ಕವಲುದಾರಿ ಈ ಎರಡನೆಯ ಆಯ್ಕೆಯ ಕಠಿಣ ಭಾಗ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರನ್ನು ಕೊಟ್ಟ ಗುಡ್ಡ ಇದು, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆಯ ಬಿಡಾರವೂ ಹೌದು. ಕಲ್ಲತ್ತಿಗಿರಿಯ ವೀರಭದ್ರಸ್ವಾಮಿ ದೇವಸ್ಥಾನದ ಜಲಪಾತದವರೆಗೆ ರಜಾದಿನಗಳಲ್ಲಿ ಜನಸಂದಣಿ ಇರುತ್ತದೆ. ಅಲ್ಲಿಂದ ಮೇಲಿನ ಸುಮಾರು ಹತ್ತು ಕಿಲೋಮೀಟರ್ ಮಾತ್ರ ಕಾಡಿನ ನೆರಳಿನಲ್ಲಿ, ಹೆಚ್ಚಿನ ಹೊತ್ತು ಏಕಾಂತದಲ್ಲೇ ಸಾಗುತ್ತದೆ. ರಸ್ತೆ ಕಿರಿದು, ಅಂಚು ಅಲ್ಲಲ್ಲಿ ಕಿತ್ತುಹೋಗಿದೆ, ಮಳೆಗಾಲ ಮುಗಿದ ತಿಂಗಳಿನಲ್ಲಿ ತಿರುವುಗಳಲ್ಲಿ ಜಲ್ಲಿ ಮತ್ತು ಪಾಚಿ ಉಳಿದಿರುತ್ತವೆ. ಚೀಲ ಹೊತ್ತ ಸೈಕಲ್ಲಿಗೆ ಅತಿ ಹಗುರವಾದ ಗೇರ್ ಇಲ್ಲದಿದ್ದರೆ ಸಾಮಾನನ್ನು ಲಿಂಗದಹಳ್ಳಿಯಲ್ಲಿ ಇಟ್ಟು ಹತ್ತುವುದೇ ವಾಸಿ. ಕೆಮ್ಮಣ್ಣುಗುಂಡಿಯಿಂದ ಗುಡ್ಡದ ಮೇಲೆಯೇ ಬಾಬಾಬುಡನ್‌ಗಿರಿಯ ಕಡೆಗೆ ಹೋಗುವ ಜೀಪಿನ ಜಾಡು ನಕ್ಷೆಯಲ್ಲಿ ಆಸೆ ಹುಟ್ಟಿಸುತ್ತದೆಯಾದರೂ, ಪ್ರವಾಸಿ ಸೈಕಲ್ಲಿನ ತೆಳು ಟಯರಿಗೆ ಅದು ದಾರಿಯಲ್ಲ.

ಮೂರನೆಯದು ಹಾಸನ ಜಿಲ್ಲೆಯದು, ನನ್ನ ಮಟ್ಟಿಗೆ ಈ ಮೂರರಲ್ಲಿ ಶ್ರೇಷ್ಠವಾದದ್ದು. ಸಕಲೇಶಪುರದಿಂದ ಹೆತ್ತೂರು, ವಣಗೂರಿನ ಕಡೆಯಿಂದ ಬಿಸಿಲೆಗೆ ಬಂದು, ಅಲ್ಲಿಂದ ದಟ್ಟ ಕಾಡಿನೊಳಗೆ ಕುಳ್ಕುಂದಕ್ಕೆ ಇಳಿದು ಕುಕ್ಕೆ ಸುಬ್ರಹ್ಮಣ್ಯವನ್ನು ಸೇರುವ ಈ ದಾರಿಯ ಮೊದಲರ್ಧ ಗದ್ದೆ, ತೋಟ, ಗುಡ್ಡಗಳ ನಡುವೆ ಏರುತ್ತ ಇಳಿಯುತ್ತ ಹೋಗುತ್ತದೆ. ಯಾವ ಏರೂ ಬಹಳ ಉದ್ದವಾಗಿಲ್ಲ, ಆದರೆ ಒಂದರ ಬೆನ್ನಿಗೆ ಇನ್ನೊಂದು ಬರುವುದರಿಂದ ಸಂಜೆಯ ಹೊತ್ತಿಗೆ ಕಾಲಿಗೆ ಆಗುವ ದಣಿವು ಮುಳ್ಳಯ್ಯನಗಿರಿಯದಕ್ಕಿಂತ ಕಡಿಮೆಯೇನಲ್ಲ. ದಾರಿಯ ಮಂಕನಹಳ್ಳಿಯ ಬಳಿ ನೀರು ಇಬ್ಭಾಗವಾಗುವ ಗುಡ್ಡದ ಏಣು ಇದೆ: ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೂ, ಇನ್ನೊಂದು ಮಗ್ಗುಲಿನದು ಕುಮಾರಧಾರಾ, ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೂ ಹೋಗುತ್ತದೆ. ಅದನ್ನು ಗುರುತಿಸುವ ಹಳೆಯ ಕಲ್ಲು ಅಲ್ಲಿದೆ. ಬಿಸಿಲೆಯ ವೀಕ್ಷಣಾ ಸ್ಥಳದಿಂದ ಕುಮಾರಪರ್ವತದ ಸಾಲು ಎದುರಿಗೇ ಕಾಣುತ್ತದೆ. ಮೋಡ ಮುಸುಕಿದ್ದರೆ ಕಾಯಬೇಕು, ಕಾದರೆ ತೆರೆಯುತ್ತದೆ ಎಂಬ ಭರವಸೆಯನ್ನು ಮಾತ್ರ ಕೊಡಲಾರೆ.

ಈ ರಸ್ತೆಯ ಮೌನಕ್ಕೆ ಕಾರಣ ಸರಳವಾಗಿದೆ. ಲಾರಿ ಮತ್ತು ಬಸ್ಸುಗಳಿಗೆ ಶಿರಾಡಿ ಇದೆ, ನೋಟಕ್ಕಾಗಿ ಬರುವವರಲ್ಲಿ ಹೆಚ್ಚಿನವರು ವೀಕ್ಷಣಾ ಸ್ಥಳದಿಂದಲೇ ಹಿಂತಿರುಗುತ್ತಾರೆ, ಹೀಗಾಗಿ ಬಿಸಿಲೆಯಿಂದ ಕೆಳಗಿನ ಕಾಡಿನ ದಾರಿಯನ್ನು ಬಳಸುವವರು ಕುಕ್ಕೆಗೆ ಹೋಗುವ ಭಕ್ತರಷ್ಟೇ. ಕುಕ್ಕೆಯಲ್ಲಿ ಜಾತ್ರೆ ನಡೆಯುವ ಚಂಪಾ ಷಷ್ಠಿಯ ದಿನಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ, ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದಾಗಲೂ ಅಷ್ಟೇ, ಶಿರಾಡಿಯ ವಾಹನಗಳಲ್ಲಿ ಒಂದು ಪಾಲು ಈ ಕಿರುದಾರಿಗೆ ನುಗ್ಗುತ್ತದೆ. ಆದ್ದರಿಂದ ಹೊರಡುವ ಮೊದಲು ಶಿರಾಡಿ ತೆರೆದಿದೆಯೇ ಎಂದು ಕೇಳಿ ತಿಳಿಯುವುದು ಬಿಸಿಲೆಗೆ ಹೋಗುವವನ ಮೊದಲ ಕೆಲಸ. ಬಿಸಿಲೆ ದಾಟಿದ ಮೇಲೆ ಅಂಗಡಿಯಿಲ್ಲ, ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಸುಮಾರು 900 ಮೀಟರ್ ಎತ್ತರದ ಸೀಮೆಯಿಂದ ಕರಾವಳಿಯ ತಪ್ಪಲಿಗೆ ಇಳಿಯುವಾಗ ಗಾಲಿಯ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕಿನ ಸೈಕಲ್ಲಿನ ಗಾಲಿ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ನಡುನಡುವೆ ನಿಂತು ಆರಲು ಬಿಡಬೇಕು, ಬ್ರೇಕಿನ ರಬ್ಬರನ್ನು ಹೆಚ್ಚುವರಿಯಾಗಿ ಒಯ್ಯಬೇಕು. ಮಳೆಗಾಲದಲ್ಲಾದರೆ ಹಾಗೆ ನಿಂತಲ್ಲೆಲ್ಲ ಇಂಬಳ, ಅಂದರೆ ಜಿಗಣೆ, ಹತ್ತುತ್ತದೆ.

ಮೌನದ ದಾರಿಗಳ ವಿಷಯದಲ್ಲಿ ಕಾಡಾನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಆನೆಗಳ ಓಡಾಟ ನಿತ್ಯದ ಸಂಗತಿಯಾಗಿದ್ದು, ತೋಟದ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದಾರೆ. ವಾಹನದಟ್ಟಣೆಯನ್ನು ತಪ್ಪಿಸಲು ನಸುಕಿನಲ್ಲೇ ಹೊರಡುವ ಅಭ್ಯಾಸ ಮುಳ್ಳಯ್ಯನಗಿರಿಗೆ ಸರಿ, ಹೆತ್ತೂರಿನ ಕಡೆಗೆ ಸರಿಯಲ್ಲ. ಸದ್ದು ಮಾಡದೆ ಬರುವ ಸೈಕಲ್ಲನ್ನು ತಿರುವಿನ ಆಚೆಗಿರುವ ಆನೆ ಮುಂಚಿತವಾಗಿ ತಿಳಿಯುವುದಿಲ್ಲ. ಬೆಳಕು ಪೂರ್ತಿ ಹರಿದ ಮೇಲೆ ಹೊರಟು, ಕೂಡುರಸ್ತೆಯ ಚಹಾ ಅಂಗಡಿಯಲ್ಲಿ ಹಿಂದಿನ ರಾತ್ರಿ ಹಿಂಡು ಎಲ್ಲಿತ್ತೆಂದು ವಿಚಾರಿಸಿ, ಸಂಜೆ ಐದರೊಳಗೆ ತಂಗುವ ಊರನ್ನು ಸೇರುವ ಕ್ರಮವನ್ನು ನಾನು ಬಿಟ್ಟಿಲ್ಲ.

ಒಂದೇ ದಿನದ ಬಿಡುವಿದ್ದು, ಅದು ವಾರದ ನಡುವೆ ಬಿದ್ದರೆ ಮುಳ್ಳಯ್ಯನಗಿರಿ. ಹೊಸಬರಿಗೆ, ಮಕ್ಕಳೊಂದಿಗೆ ಹೊರಟವರಿಗೆ, ವಾರಾಂತ್ಯವನ್ನೇ ನೆಚ್ಚಿಕೊಂಡವರಿಗೆ ಸಂತವೇರಿಯ ದಾರಿ, ಬೇಕಿದ್ದರೆ ಕೆಮ್ಮಣ್ಣುಗುಂಡಿಯ ಏರನ್ನು ಕೈಬಿಟ್ಟು ತರೀಕೆರೆಯಲ್ಲಿ ರೈಲು ಹತ್ತಬಹುದು. ಎರಡು ದಿನ ಬಿಡುವಿರುವವರು ಬಿಸಿಲೆಗೇ ಹೋಗಬೇಕೆಂಬುದು ನನ್ನ ಒತ್ತಾಯ. ಇಳಿದ ಘಾಟಿಯನ್ನು ಮತ್ತೆ ಹತ್ತಲು ಮನಸ್ಸಿಲ್ಲದವರು ಕುಕ್ಕೆಯಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಹೋದರೆ, 55 ಕಿಲೋಮೀಟರಿನಲ್ಲಿ 57 ಸುರಂಗಗಳನ್ನು ಹಾಯ್ದು ಸಕಲೇಶಪುರಕ್ಕೆ ಹತ್ತುವ ರೈಲು ಸಿಗುತ್ತದೆ. ಆ ರೈಲಿನಲ್ಲಿ ಸೈಕಲ್ ಬುಕ್ ಮಾಡಲು ಲಗೇಜ್ ಬೋಗಿ ಇದೆಯೇ, ಆ ನಿಲ್ದಾಣದಲ್ಲಿ ಅದನ್ನು ಏರಿಸಿಕೊಳ್ಳುತ್ತಾರೆಯೇ ಎಂಬುದನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.