ಎರಡು ಮಳೆಗಾಲ, ಎಪ್ಪತ್ತೆರಡು ಬಿಲ್ಲೆ: ನಮ್ಮ ಮನೆಯ ಕಾರ್ಕಸೋನ್

ಕಾರ್ಕಸೋನ್ ಎಂಬ ಬೋರ್ಡ್ ಗೇಮ್ ನಮ್ಮ ಮನೆಗೆ ಬಂದದ್ದು 2023ರ ಡಿಸೆಂಬರ್‌ನಲ್ಲಿ, ಮಕ್ಕಳ ಕ್ರಿಸ್‌ಮಸ್ ರಜೆಯ ಹೊತ್ತಿಗೆ. ಪೆಟ್ಟಿಗೆಯೊಳಗೆ ಏನೇನಿದೆ, ಹೇಗೆ ಆಡುವುದು ಎಂಬುದನ್ನು ತೋರಿಸುವ ವಿಡಿಯೊಗಳು ಬೇಕಾದಷ್ಟು ಇರುವುದರಿಂದ ನಾನು ಅದನ್ನೆಲ್ಲ ಮತ್ತೆ ಬರೆಯಲು ಹೋಗುವುದಿಲ್ಲ. ಸೋಮವಾರಪೇಟೆಯ ಸಮೀಪದ ತೋಟದ ಮನೆಯೊಂದರಲ್ಲಿ ಎರಡು ಪೂರ್ತಿ ಮಳೆಗಾಲಗಳನ್ನು ಕಳೆದ ಮೇಲೆ ಈ ಆಟದ ಸ್ಥಿತಿ ಏನಾಗಿದೆ ಎಂಬುದನ್ನು ಮಾತ್ರ ಬರೆಯುತ್ತೇನೆ. ಕೊಳ್ಳುವ ಮೊದಲು ನಾನು ಓದಿದ ಯಾವ ವಿಮರ್ಶೆಯಲ್ಲಿಯೂ ಥಂಡಿಯ, ಅಂದರೆ ಮಳೆಗಾಲದ ತೇವದ, ವಿಚಾರ ಇರಲಿಲ್ಲ. ನಮ್ಮ ಕಡೆಯವರಿಗೆ ಮೊದಲು ತಿಳಿಯಬೇಕಾದದ್ದೇ ಅದು.

ಬೆಲೆ ನಮಗೆ ಸಣ್ಣದಾಗಿರಲಿಲ್ಲ. ಎರಡೂವರೆ ಸಾವಿರ ರೂಪಾಯಿಯ ಆಸುಪಾಸು, ಅಂದರೆ ಆಗಿನ ದರದಲ್ಲಿ ಸುಮಾರು ನಾಲ್ಕು ಕಿಲೋ ಕರಿಮೆಣಸಿನ ಹಣ. ಕೇರಂ ಇದೆ, ಚೆಸ್ ಇದೆ, ಅತ್ತೆಯವರು ತವರಿನಿಂದ ತಂದ ಅಳಗುಳಿ ಮಣೆ ಇದೆ, ಇನ್ನೊಂದು ಯಾಕೆ ಎಂದು ನಮ್ಮ ಮನೆಯವರು ಕೇಳಿದ್ದು ಸಹಜವೇ. ನನ್ನ ಲೆಕ್ಕ ಬೇರೆ ಇತ್ತು. ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸಂಜೆಯೆಂದರೆ ಕರೆಂಟು ಇಲ್ಲದ ಸಂಜೆಯೇ. ಕರೆಂಟು ಇದ್ದರೂ ಟಿವಿಯ ತಟ್ಟೆ ಆಂಟೆನಾ ದೊಡ್ಡ ಮಳೆಯಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಉಪಗ್ರಹದಿಂದ ಬರುವ ಆ ತರಂಗಗಳನ್ನು ದಟ್ಟ ಮಳೆಹನಿಗಳೇ ತಡೆದು ಹೀರಿಕೊಳ್ಳುತ್ತವೆ. ಮೊಬೈಲಿನ ಸಿಗ್ನಲ್ಲೂ ಎರಡನೇ ದಿನಕ್ಕೆ ಹೋಗಿರುತ್ತದೆ. ಮಗಳು ಎಮರ್ಜೆನ್ಸಿ ದೀಪದಲ್ಲಿ ಪುಸ್ತಕ ಓದಿ ಓದಿ ಕಣ್ಣು ಉಜ್ಜಿಕೊಳ್ಳುವುದನ್ನು, ಮಗ ಸುಮ್ಮನೆ ಕಿಟಕಿಯ ಹತ್ತಿರ ಕುಳಿತಿರುವುದನ್ನು ನೋಡಿ ಮನೆಮಂದಿಯೆಲ್ಲ ಒಟ್ಟಿಗೆ ಕೂರುವಂತಹ ಒಂದು ಆಟ ಬೇಕೆಂದು ನನಗೆ ಅನಿಸಿತ್ತು. ಮಗಳಿಗೆ ಆಗ ಹನ್ನೆರಡು ವರ್ಷ, ಮಗನಿಗೆ ಒಂಬತ್ತು.

ಆಟದ ಹೂರಣ ಇಷ್ಟೇ. ಚೌಕಾಕಾರದ 72 ರಟ್ಟಿನ ಬಿಲ್ಲೆಗಳಿವೆ. ಒಂದೊಂದರ ಮೇಲೂ ರಸ್ತೆಯ ತುಂಡೋ, ಕೋಟೆಯ ತುಂಡೋ, ಗದ್ದೆಯೋ, ಮಠವೋ ಇರುತ್ತದೆ. ಸರದಿ ಬಂದಾಗ ಒಂದು ಬಿಲ್ಲೆ ತೆಗೆದು, ರಸ್ತೆಗೆ ರಸ್ತೆ, ಕೋಟೆಗೆ ಕೋಟೆ ಕೂಡುವಂತೆ ಇಟ್ಟು, ಬೇಕಿದ್ದರೆ ಅದರ ಮೇಲೆ ತನ್ನ ಒಬ್ಬ ಆಳನ್ನು, ಅಂದರೆ ಮನುಷ್ಯಾಕಾರದ ಪುಟ್ಟ ಕಾಯಿಯನ್ನು, ನಿಲ್ಲಿಸಬೇಕು. ಬಿಲ್ಲೆಗಳ ಮೇಲೆ ಒಂದೇ ಒಂದು ಅಕ್ಷರವಿಲ್ಲ. ಆ ಗುಣಕ್ಕೆ ಎಷ್ಟು ಬೆಲೆಯಿದೆ ಎಂಬುದು ಕೊಂಡಾಗ ನನಗೆ ಗೊತ್ತಿರಲಿಲ್ಲ. ನಿಯಮದ ಪುಸ್ತಿಕೆ ಇಂಗ್ಲಿಷಿನಲ್ಲಿದ್ದುದರಿಂದ ನಾನು ಮಗಳ ಹಳೆಯ ನೋಟ್‌ಬುಕ್ಕಿನ ನಾಲ್ಕು ಪುಟಗಳಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟೆ: ಬಿಲ್ಲೆ, ಆಳು, ಕೋಟೆ, ಮಠ, ಗದ್ದೆ. ಅದನ್ನು ಎಪ್ಪತ್ತೊಂದು ವರ್ಷದ ಅತ್ತೆಯವರು ಒಮ್ಮೆ ಓದಿ, ಇನ್ನೊಮ್ಮೆ ಮಗನಿಂದ ಓದಿಸಿಕೊಂಡು, ಮೂರನೆಯ ದಿನ ತಾವೇ ಆಟಕ್ಕೆ ಕುಳಿತರು. ಅವರಿಗೆ ಇಂಗ್ಲಿಷ್ ಬಾರದು. ಹಿಂದಿನ ಬೇಸಿಗೆಯಲ್ಲಿ ಮಕ್ಕಳು ತಂದಿದ್ದ ಪದ ಜೋಡಿಸುವ ಆಟಗಳಲ್ಲಿ ಅವರು ನೋಡುತ್ತ ಕೂರುವವರಾಗಿದ್ದರು. ಈ ಆಟದಲ್ಲಿ ಅವರೇ ಹೆಚ್ಚು ಗೆಲ್ಲುವವರು.

ಅವರು ಗೆಲ್ಲುವುದು ಗದ್ದೆಯಿಂದ. ಈ ಆಟದಲ್ಲಿ ಅತ್ಯಂತ ಕಷ್ಟದ ನಿಯಮ ಗದ್ದೆಯದ್ದೇ ಎಂದು ಎಲ್ಲರೂ ಹೇಳುತ್ತಾರೆ, ನನಗೂ ಮೊದಲ ಎರಡು ತಿಂಗಳು ಅದು ಸರಿಯಾಗಿ ಅರ್ಥವಾಗಿರಲಿಲ್ಲ. ರಸ್ತೆ ಮುಗಿದರೆ ಬಿಲ್ಲೆಗೊಂದು ಅಂಕ ಆಗಲೇ ಸಿಗುತ್ತದೆ, ಕೋಟೆ ಮುಗಿದರೆ ಬಿಲ್ಲೆಗೆರಡು ಸಿಗುತ್ತದೆ, ಆಳು ಕೈಗೆ ಹಿಂತಿರುಗುತ್ತಾನೆ. ಗದ್ದೆಯಲ್ಲಿ ಆಳನ್ನು ಮಲಗಿಸಬೇಕು, ಅವನು ಆಟ ಮುಗಿಯುವವರೆಗೂ ಏಳುವುದಿಲ್ಲ, ಕೊನೆಯಲ್ಲಿ ಆ ಗದ್ದೆಗೆ ತಾಗಿರುವ ಪೂರ್ಣಗೊಂಡ ಪ್ರತಿ ಕೋಟೆಗೆ ಮೂರು ಅಂಕ ಕೊಡುತ್ತಾನೆ. ಮೊದಲ ದಿನ ಅತ್ತೆಯವರು, "ಗದ್ದೆಯಲ್ಲಿ ಆಳು ಮಲಗಿದರೆ ನಾಟಿ ಮಾಡುವವರು ಯಾರು?" ಎಂದು ಕೇಳಿದರು. ಆದರೆ ವರ್ಷವಿಡೀ ದುಡಿದು ಒಮ್ಮೆಲೇ ಫಸಲು ಕಾಣುವ ಲೆಕ್ಕ ಅವರಿಗೆ ನಮಗೆಲ್ಲರಿಗಿಂತ ಮೊದಲು ಒಗ್ಗಿತು. ಒಂದು ಗದ್ದೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬ ತಕರಾರು ಬಂದಾಗ ಅವರು ಬೆರಳಿನಿಂದ ಗಡಿ ಎಳೆದು ತೋರಿಸುತ್ತಾರೆ: ರಸ್ತೆ ದಾಟುವಂತಿಲ್ಲ, ಕೋಟೆಗೋಡೆ ದಾಟುವಂತಿಲ್ಲ. ನಮ್ಮ ತೋಟದ ಕೆಳಗಿನ ಅಂಚಿನಲ್ಲಿ ಹಳೆಯ ಕಡಂಗವೊಂದರ ತುಂಡು ಉಳಿದಿದೆ. ಮಣ್ಣಿನ ದಿಬ್ಬ, ಪಕ್ಕದಲ್ಲಿ ಕಂದಕ; ಹಿಂದಿನ ಕಾಲದಲ್ಲಿ ಕೊಡಗಿನವರು ಕಾಳಗದ ರಕ್ಷಣೆಗೂ ನಾಡುಗಳ ಗಡಿಗೂ ಕಟ್ಟಿಕೊಂಡದ್ದು. ಎಷ್ಟೋ ವರ್ಷ ಅದರ ಮೇಲೆ ಹತ್ತಿ ಇಳಿದಿದ್ದ ಮಗ ಈಗ ಅದನ್ನು ನೋಡಿ, "ಅಮ್ಮ, ಇದರಾಚೆ ಬೇರೆ ಗದ್ದೆ" ಎನ್ನುತ್ತಾನೆ.

ಆಟ ಶುರುವಾಗುವ ಮೊದಲಿನ ಸಿದ್ಧತೆಯೇ ನನಗೆ ಬಹಳ ಇಷ್ಟ. ಏಳು ಗಂಟೆಯ ಹೊತ್ತಿಗೆ ಬಚ್ಚಲ ಒಲೆಯ ಬೆಂಕಿ ಕೆಂಡವಾಗಿರುತ್ತದೆ. ಮಗಳು ಊಟದ ಮೇಜನ್ನು ಮೊದಲು ಒದ್ದೆ ಬಟ್ಟೆಯಲ್ಲಿ, ಆಮೇಲೆ ಎರಡು ಸಲ ಒಣ ಬಟ್ಟೆಯಲ್ಲಿ ಒರೆಸುತ್ತಾಳೆ. ನಮ್ಮ ಮನೆಯವರು ದೀಪವನ್ನು ಬೋರಲು ಹಾಕಿದ ಪಾತ್ರೆಯ ಮೇಲೆ ಎತ್ತರಕ್ಕೆ ಇಡುತ್ತಾರೆ, ಇಲ್ಲದಿದ್ದರೆ ಆಳುಗಳ ನೆರಳು ಉದ್ದವಾಗಿ ಬಿದ್ದು ರಸ್ತೆ ಯಾವುದು ಗಡಿ ಯಾವುದು ತಿಳಿಯುವುದಿಲ್ಲ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜ ಒಂದು ತಟ್ಟೆಯಲ್ಲಿ, ಬೆಲ್ಲದ ಕಾಫಿ ಲೋಟಗಳಲ್ಲಿ, ಎರಡೂ ಮೇಜಿನಿಂದ ದೂರ ಕಿಟಕಿಯ ಕಟ್ಟೆಯ ಮೇಲೆ, ಏಕೆಂದರೆ ಎಣ್ಣೆಯ ಕೈ, ಮಸಿಯ ಕೈ ಬಿಲ್ಲೆಗೆ ತಾಗಬಾರದು. ನಮ್ಮ ಪೆಟ್ಟಿಗೆಯಲ್ಲಿ ಹೊಳೆಯ ಬಿಲ್ಲೆಗಳು ಹನ್ನೆರಡು ಬೇರೆಯಾಗಿ ಬಂದಿವೆ. ಆಟ ಶುರುವಾಗುವುದು ಅವುಗಳಿಂದ, ಮೊದಲು ಊಟೆಯ ಬಿಲ್ಲೆ, ಕೊನೆಗೆ ಕೆರೆಯ ಬಿಲ್ಲೆ. ಊಟೆಯ ಬಿಲ್ಲೆಗೆ ಮಗಳು ತಲಕಾವೇರಿ ಎಂದು ಹೆಸರಿಟ್ಟಿದ್ದಾಳೆ. ಅದನ್ನು ಮೇಜಿನ ನಡುವೆ ಇಡುವ ಹಕ್ಕು ಅಜ್ಜಿಯದು, ಬೇರೆ ಯಾರೂ ಮುಟ್ಟುವಂತಿಲ್ಲ. ಪೆಟ್ಟಿಗೆಯ ಮೇಲೆ 35 ನಿಮಿಷ ಎಂದು ಬರೆದಿದ್ದರೂ ನಾವು ನಾಲ್ವರೋ ಐವರೋ ಕೂತು ಮುಗಿಸಲು ಒಂದೂಕಾಲು ಗಂಟೆಯಾದರೂ ಬೇಕು.

ಇಷ್ಟೆಲ್ಲ ಚೆನ್ನಾಗಿದ್ದದ್ದು 2024ರ ಜುಲೈವರೆಗೆ. ಆ ತಿಂಗಳು ಜಿಲ್ಲೆಯಲ್ಲಿ ಮೇಲಿಂದ ಮೇಲೆ ಮಳೆ ರಜೆ ಸಿಕ್ಕಿ ಮಕ್ಕಳು ಹಗಲೂ ಆಡಿದರು. ಒಂದು ಸಂಜೆ ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದಾಗ ಅವು ಮೊದಲಿನಂತೆ ಟಪಟಪ ಎಂದು ಬೀಳಲಿಲ್ಲ, ಮೆತ್ತಗೆ ಬಿದ್ದವು. ಕೈಗೆತ್ತಿಕೊಂಡು ನೋಡಿದರೆ ಅಂಚುಗಳು ದಪ್ಪವಾಗಿ, ರಟ್ಟಿನ ಪದರಗಳು ಮೂಲೆಯಲ್ಲಿ ಹಳೆಯ ಪುಸ್ತಕದ ಹಾಳೆಗಳ ಹಾಗೆ ಬಿಟ್ಟುಕೊಳ್ಳುತ್ತಿದ್ದವು. ಕೆಲವು ಬಿಲ್ಲೆಗಳು ನಡುವೆ ಉಬ್ಬಿ, ಮೇಜಿನ ಮೇಲೆ ಒತ್ತಿದರೆ ದೋಣಿಯಂತೆ ತೂಗಾಡಿದವು. ಕಾರಣ ಸ್ಪಷ್ಟ. ಕಾಗದ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ. ಮೇಲಿನ ಚಿತ್ರದ ಹಾಳೆಯೂ ಒಳಗಿನ ದಪ್ಪ ರಟ್ಟೂ ಒಂದೇ ಅಳತೆಯಲ್ಲಿ ಹಿಗ್ಗದಿದ್ದರೆ ಬಿಲ್ಲೆ ಡೊಂಕಾಗುತ್ತದೆ. ಬೀರುವಿನ ಬಟ್ಟೆಗೆ, ಚಪ್ಪಲಿಗೆ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ರಟ್ಟೊಂದು ಹೇಗೆ ಉಳಿದೀತು ಎಂದು ನಾನು ಮೊದಲೇ ಯೋಚಿಸಬೇಕಿತ್ತು.

ಅಂದಗೆಟ್ಟಿದ್ದರೆ ಸಹಿಸಬಹುದಿತ್ತು. ತೊಂದರೆ ಅದಕ್ಕಿಂತ ದೊಡ್ಡದಾಗಿತ್ತು. ನಾವು ಬಿಲ್ಲೆಗಳನ್ನು ಹಳೆಯ ಹಾಸಿಗೆ ಬಟ್ಟೆಯಲ್ಲಿ ಹೊಲಿದ ಚೀಲಕ್ಕೆ ಹಾಕಿ, ನೋಡದೆ ಕೈಹಾಕಿ ತೆಗೆಯುತ್ತೇವೆ. ಮಠದ ಬಿಲ್ಲೆ ಇಡೀ ಆಟದಲ್ಲಿ ಆರೇ ಇವೆ, ಸುತ್ತ ಎಂಟು ಬಿಲ್ಲೆ ತುಂಬಿದರೆ ಒಂಬತ್ತು ಅಂಕ. ಆ ಆರರಲ್ಲಿ ಒಂದರ ಮೂಲೆ ಚೆನ್ನಾಗಿ ಊದಿಕೊಂಡಿತ್ತು, ಅದು ಮಗನ ಬೆರಳಿಗೆ ಗೊತ್ತಾಗಿಬಿಟ್ಟಿತ್ತು. ಅವನ ಕೈ ಚೀಲದೊಳಗೆ ಉಳಿದವರಿಗಿಂತ ಹೆಚ್ಚು ಹೊತ್ತು ಇರುತ್ತದೆ ಎಂದು ಕಂಡುಹಿಡಿದವಳು ಮಗಳು. "ನೀನು ಕಣ್ಣು ಮುಚ್ಚುತ್ತೀಯ, ಆದರೆ ಮುಟ್ಟಿ ಹುಡುಕುತ್ತೀಯ" ಎಂದು ಅವಳು ಹೇಳಿದಾಗ ಅವನು ಇಲ್ಲವೆನ್ನಲಿಲ್ಲ, ಅತ್ತುಬಿಟ್ಟ. ಅವನಿಗೆ ಅದು ಮೋಸವೆಂದು ಅನಿಸಿರಲಿಲ್ಲ. ಬೆರಳಿಗೆ ತಿಳಿದದ್ದನ್ನು ತಿಳಿಯದ ಹಾಗೆ ಇರುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ಚೀಲ ಬಿಟ್ಟು ಬೋರಲಾಗಿ ಪೇರಿಸಿ ಇಟ್ಟರೂ ಊದಿದ ಬಿಲ್ಲೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅದೃಷ್ಟದ ಮೇಲೆ ನಿಂತ ಆಟದಲ್ಲಿ ಅದೃಷ್ಟ ಮೊದಲೇ ಗೊತ್ತಾದರೆ ಆಡುವುದರಲ್ಲಿ ಅರ್ಥವಿಲ್ಲ. ಆಟ ಮೂರು ವಾರ ಬೀರು ಸೇರಿತು. ನಾಲ್ಕು ಕಿಲೋ ಮೆಣಸು ನೀರುಪಾಲಾಯಿತೆಂದು ನನಗೆ ನಿಜವಾಗಿ ನೋವಾಯಿತು. ಮಾರಿದ ಆನ್‌ಲೈನ್ ಅಂಗಡಿಯವರಿಗೆ ಬರೆದರೆ, ವಾಪಸು ಮಾಡುವ ಅವಧಿ ಮುಗಿದಿದೆ, ತೇವದ ಹಾನಿಗೆ ಬದಲಿ ಕೊಡಲಾಗದು ಎಂಬ ಎರಡು ಸಾಲಿನ ಉತ್ತರ ಬಂತು. ಇದನ್ನು ತಯಾರಿಸಿದವರ ತಪ್ಪೆಂದು ನಾನು ಹೇಳಲಾರೆ, ಮನೆಯಲ್ಲಿದ್ದ ಬೇರೆ ರಟ್ಟಿನ ಸಾಮಾನುಗಳಿಗೂ ಅದೇ ಗತಿಯಾಗಿತ್ತು. ಆದರೆ ಮಾರುವವರು ಒಂದು ಎಚ್ಚರಿಕೆಯ ಮಾತನ್ನಾದರೂ ಹಾಕಬಹುದಿತ್ತು.

ನಾನು ಮೊದಲು ಮಾಡಿದ ಪ್ರಯತ್ನ ತಪ್ಪಾಯಿತು. ಬಿಲ್ಲೆಗಳನ್ನು ಮೊರದಲ್ಲಿ ಹರಡಿ ಒಲೆಯ ಮೇಲಿನ ಅಟ್ಟದಲ್ಲಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಅವು ಅತಿಯಾಗಿ ಒಣಗಿ ಹಿಂದಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಡೊಂಕಾಗಿದ್ದವು, ಜೊತೆಗೆ ಹೊಗೆಯ ವಾಸನೆ ಬೇರೆ. ದಾರಿ ತೋರಿಸಿದವರು ನಮ್ಮ ಮನೆಯವರು. ಕಾಫಿಯನ್ನು ಕಣದಲ್ಲಿ ಶೇಕಡಾ 10–11ರ ತೇವಾಂಶಕ್ಕೆ ಒಣಗಿಸಿದರೆ ಸಾಲದು, ಆಮೇಲೆ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡದಿದ್ದರೆ ಅದು ಮತ್ತೆ ತೇವ ಹಿಡಿಯುತ್ತದೆ. ಬಿಲ್ಲೆಗೂ ಅದೇ ನ್ಯಾಯ ಎಂದರು. ಬಿಲ್ಲೆಗಳನ್ನು ಹತ್ತತ್ತರ ಕಟ್ಟಾಗಿ ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಹಳೆಯ ಇಸ್ತ್ರಿಪೆಟ್ಟಿಗೆ ಹೇರಿ ಆರು ದಿನ ಬಿಟ್ಟೆವು. ಆಮೇಲೆ ರಟ್ಟಿನ ಪೆಟ್ಟಿಗೆಯನ್ನು ಚಿತ್ರದ ಆಸೆಗಷ್ಟೇ ಉಳಿಸಿಕೊಂಡು, ಬಿಲ್ಲೆಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಎರಡಿಟ್ಟು, ಡಬ್ಬಿಯನ್ನು ಹೊರಗೋಡೆಯಿಂದ ದೂರದ ಕಪಾಟಿನಲ್ಲಿ ಇಟ್ಟೆವು. ಪೊಟ್ಟಣಗಳನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸುತ್ತೇನೆ. ಆಟ ಮುಗಿದ ಕೂಡಲೇ ಮುಚ್ಚಳ ಬೀಳಬೇಕು, ಬೆಳಿಗ್ಗೆ ಎತ್ತಿಟ್ಟರಾಯಿತು ಎನ್ನುವಂತಿಲ್ಲ. 2025ರ ಮಳೆಗಾಲವನ್ನು ಬಿಲ್ಲೆಗಳು ಹೊಸ ಹಾನಿಯಿಲ್ಲದೆ ದಾಟಿವೆ.

ಆದರೂ ಆ ಒಂದು ಮಠದ ಬಿಲ್ಲೆಯ ಮೂಲೆ ಮತ್ತೆ ಕೂರಲಿಲ್ಲ. ಅದಕ್ಕೆ ಪರಿಹಾರ ಹೇಳಿದವರು ಅತ್ತೆಯವರು. ಹೊಲಿಗೆ, ಗದ್ದೆ, ಒಲೆ ಎಂದು ದುಡಿದು ಅವರ ಬೆರಳ ತುದಿಗಳು ಒರಟಾಗಿವೆ, ನುಣುಪು ಯಾವುದು ಊದಿದ್ದು ಯಾವುದು ಎಂದು ತಿಳಿಯುವುದಿಲ್ಲವಂತೆ. "ಚೀಲ ನನ್ನ ಮಡಿಲಲ್ಲಿರಲಿ, ಎಲ್ಲರಿಗೂ ನಾನೇ ತೆಗೆದುಕೊಡುತ್ತೇನೆ" ಎಂದರು. ಅಂದಿನಿಂದ ಪ್ರತಿ ಸರದಿಯಲ್ಲಿ ಮಗ ಅಂಗೈ ಚಾಚುತ್ತಾನೆ, ಅಜ್ಜಿ ಚೀಲದಿಂದ ತೆಗೆದ ಬಿಲ್ಲೆಯನ್ನು ಬೋರಲಾಗಿ ಅವನ ಅಂಗೈಯಲ್ಲಿಟ್ಟು ಅದರ ಮೇಲೆ ತಮ್ಮ ಕೈಯನ್ನು ಒಂದು ಕ್ಷಣ ಮುಚ್ಚಿ ಹಿಡಿಯುತ್ತಾರೆ. ಮಠ ಬಂದರೆ ಅವನ ಮುಖ ಅರಳುತ್ತದೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಈ ಪದ್ಧತಿ ನಿಯಮದ ಪುಸ್ತಿಕೆಯಲ್ಲಿ ಇಲ್ಲ, ನಮ್ಮ ನೋಟ್‌ಬುಕ್ಕಿನ ಐದನೇ ಪುಟದಲ್ಲಿದೆ.

ಓದಿಗೂ ನೋಟಕ್ಕೂ ಈ ಆಟ ದಾರಿ ತೆರೆದದ್ದನ್ನು ಹೇಳಬೇಕು. ಮಗಳು ಶಾಲೆಯ ಲೈಬ್ರರಿಯಿಂದ ಕಥೆ ಬಿಟ್ಟು ಕೋಟೆಗಳ ಪುಸ್ತಕ ತರತೊಡಗಿದಳು. ಕಾರ್ಕಸೋನ್ ಎಂಬುದು ದಕ್ಷಿಣ ಫ್ರಾನ್ಸಿನ ನಿಜವಾದ ಕೋಟೆ ಪಟ್ಟಣ, ಅದಕ್ಕೆ ಎರಡು ಸುತ್ತಿನ ಗೋಡೆ, 52 ಬುರುಜುಗಳು, 1997ರಿಂದ ಅದು ಯುನೆಸ್ಕೋ ವಿಶ್ವ ಪರಂಪರೆಯ ತಾಣ ಎಂದೆಲ್ಲ ಅವಳೇ ನಮಗೆ ಹೇಳಿದಳು. ಕರೆಂಟು ಬಂದ ಒಂದು ರಾತ್ರಿ ಸೀರಿಯಲ್ ಬಿಟ್ಟು ಮನೆಮಂದಿಯೆಲ್ಲ ಆ ಗೋಡೆಗಳ ವಿಡಿಯೊ ನೋಡಿದೆವು. ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಮಡಿಕೇರಿ ಕೋಟೆಗೆ ಹೋದೆವು. ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದು, ಟಿಪ್ಪುವಿನ ಕಾಲದಲ್ಲಿ ಕಲ್ಲಿನದಾದದ್ದು ಎಂಬುದನ್ನು ನಾನು ಶಾಲೆಯಲ್ಲಿ ಓದಿ ಮರೆತಿದ್ದೆ. ಗಾರೆಯ ಆನೆಗಳ ಹತ್ತಿರ ಫೋಟೊ ತೆಗೆಸಿಕೊಂಡು ಹೊರಡುತ್ತಿದ್ದ ಮಕ್ಕಳು ಈ ಸಲ ಗೋಡೆಯ ಉದ್ದಕ್ಕೂ ನಡೆದು, ಎಲ್ಲಿ ತಿರುವು, ಎಲ್ಲಿ ಬಾಗಿಲು ಎಂದು ನೋಡಿದರು.

ಕೊಳ್ಳಬೇಕೆಂದಿರುವ ನಮ್ಮ ಕಡೆಯವರಿಗೆ ನನ್ನ ಮಾತು: ಡಬ್ಬಿ ಮೊದಲು ಕೊಳ್ಳಿ, ಆಟ ಆಮೇಲೆ. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ದರೆ ಗದ್ದೆಯ ನಿಯಮ ಬಿಟ್ಟು ಆಡಿಸಿ. ಮಾತಿಗೊಂದು ಸರದಿ ಬೇಗ ಬೇಗ ಸಾಗಬೇಕೆನ್ನುವವರಿಗೆ ಇದು ಒಗ್ಗದು. ಅತ್ತೆಯವರ ಅಳಗುಳಿ ಮಣೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ನನಗೆ ಈಗಲೂ ಸ್ವಲ್ಪ ಬೇಸರವಾಗುತ್ತದೆ. ಹದಿನಾಲ್ಕು ಗುಳಿಯ ಆ ಹಲಸಿನ ಮರದ ಮಣೆ ಐವತ್ತು ಮಳೆಗಾಲ ಕಂಡಿದೆ, ಒಂದು ಬಿರುಕೂ ಬಿಟ್ಟಿಲ್ಲ. ಆದರೆ ಅದರಲ್ಲಿ ಇಬ್ಬರು ಆಡಿದರೆ ಉಳಿದವರು ನೋಡುತ್ತ ಕೂರಬೇಕು. ನಾವು ಐವರು. ಹಾಗಾಗಿ ಆ ಎರಡೂವರೆ ಸಾವಿರ ನಮ್ಮ ಮನೆಗೆ ಸಂದಿದೆ ಎಂದೇ ಹೇಳುತ್ತೇನೆ.

ಇದರ ಮುಂದುವರಿಕೆಯ ಪೆಟ್ಟಿಗೆಗಳು ಹಲವು ಇವೆ. ಫೆಬ್ರವರಿಯಲ್ಲಿ ಮೆಣಸು ಕೊಯ್ದ ಮೇಲೆ ನೋಡೋಣ ಎಂದು ಮಕ್ಕಳಿಗೆ ಹೇಳಿದ್ದೇನೆ. ಅತ್ತೆಯವರು ಮಾತ್ರ ಬೇರೇನೂ ಬೇಡ, ಹೊಳೆಯ ಬಿಲ್ಲೆಗಳು ಇನ್ನಷ್ಟು ಸಿಕ್ಕಿದರೆ ತರಿಸು, ಹೊಳೆ ಈಗ ತೀರಾ ಬೇಗ ಕೆರೆಗೆ ಸೇರಿಬಿಡುತ್ತದೆ ಎನ್ನುತ್ತಿದ್ದಾರೆ.