ಸೈಕಲ್ಲಿನ ಡಿಸ್ಕ್ ಬ್ರೇಕಿಗೆ ಬೈಕಿನ ಆಯಿಲ್ ಹಾಕಿಸಬೇಡಿ

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಒಂದು ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿನ ಮುಂದಿನ ಬ್ರೇಕ್ ಪೂರ್ತಿ ಕೈಕೊಟ್ಟಿದೆ. ಮದೆನಾಡು ದಾಟಿ ಜೋಡುಪಾಲದ ಕಡೆ ಇಳಿಯುವಾಗ ಒಂದು ತಿರುವಿನಲ್ಲಿ ಲಿವರ್ ಒತ್ತಿದರೆ ಅದು ನೇರ ಹ್ಯಾಂಡಲ್‌ಗೇ ಬಂದು ತಾಗಿತು. ಹಿಂದಿನ ಬ್ರೇಕ್ ಒಂದರಿಂದಲೇ ವೇಗ ಇಳಿಯಲಿಲ್ಲ. ಸವಾರ ಗುಡ್ಡದ ಬದಿಯ ಚರಂಡಿಗೆ ಬಿದ್ದು ಕಾಲರ್‌ಬೋನ್ ಮುರಿದುಕೊಂಡ. ಇನ್ನೊಂದು ಬದಿಗೆ ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಆ ರಸ್ತೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಬ್ರೇಕನ್ನು ಬಿಚ್ಚಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದೇ ಥರ ಸರ್ವಿಸ್ ಆದ ಸೈಕಲ್‌ಗಳು ಜಿಲ್ಲೆಯಲ್ಲಿ ಇನ್ನೂ ಇರಬಹುದು.

ಅದರಲ್ಲಿದ್ದದ್ದು ಶಿಮಾನೊ ಎಂಟಿ200 ಬ್ರೇಕ್. ಮಳೆಗಾಲಕ್ಕೆ ಮುಂಚೆ ಲಿವರ್ ಮೆತ್ತಗಾಗಿದೆ ಎಂದು ಒಂದು ಗ್ಯಾರೇಜಿಗೆ ಕೊಟ್ಟಿದ್ದರು. ಅಲ್ಲಿ ಗಾಳಿ ತೆಗೆದು, ಮೋಟಾರ್ ಬೈಕಿಗೆ ಹಾಕುವ ಡಾಟ್ 4 ಬ್ರೇಕ್ ಆಯಿಲ್ ತುಂಬಿ ಕೊಟ್ಟರು. ಕೇಳಿದ್ದಕ್ಕೆ ಬಂದ ಉತ್ತರ, "ಎಲ್ಲಾ ಬ್ರೇಕ್ ಆಯಿಲೂ ಒಂದೇ ಸಾರ್, ಇದು ಒಳ್ಳೆ ಕಂಪನಿದು." ಕೆಟ್ಟ ಉದ್ದೇಶವೇನೂ ಇರಲಿಲ್ಲ. ಡಾಟ್ 4 ಬಾಟಲಿ ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಎಲ್ಲಿ ಆಟೋ ಸ್ಪೇರ್ಸ್ ಅಂಗಡಿಗೆ ಹೋದರೂ ಸಿಗುತ್ತದೆ. ಈ ಬ್ರೇಕಿಗೆ ಬೇಕಾದ ಮಿನರಲ್ ಆಯಿಲನ್ನು ಸಾಮಾನ್ಯವಾಗಿ ಆರ್ಡರ್ ಮಾಡಿ ತರಿಸಬೇಕು. ಕೈಗೆ ಸಿಕ್ಕಿದ್ದನ್ನು ಸುರಿದಿದ್ದಾರೆ, ಅಷ್ಟೇ.

ಆದರೆ ಎರಡೂ ಒಂದೇ ಅಲ್ಲ. ಶಿಮಾನೊ ಬ್ರೇಕಿನ ಒಳಗಿನ ಸೀಲುಗಳು ಮಿನರಲ್ ಆಯಿಲಿಗೆ ಒಗ್ಗುವ ನೈಟ್ರೈಲ್ ಥರದ ರಬ್ಬರಿನವು. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಮೂಲದ ದ್ರವಗಳು, ಅವುಗಳಿಗೆ ಇಪಿಡಿಎಂ ಎಂಬ ಬೇರೆ ರಬ್ಬರ್ ಬೇಕು. ಅದಲು ಬದಲಾದರೆ ರಬ್ಬರ್ ದ್ರವವನ್ನು ಹೀರಿಕೊಂಡು ನೆನೆಸಿಟ್ಟ ಕಡಲೆಯ ಹಾಗೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಅಂಚು ಹರಿಯುತ್ತದೆ. ಡಾಟ್ ಬೇಡುವ ಬ್ರೇಕಿಗೆ ಮಿನರಲ್ ಆಯಿಲ್ ಹಾಕಿದರೂ ಗತಿ ಇದೇ, ಅಲ್ಲಿ ರಬ್ಬರ್ ಇನ್ನೂ ಬೇಗ ಊದಿಕೊಳ್ಳುತ್ತದೆ.

ಮೋಸ ಇರುವುದು ಇಲ್ಲೇ: ತಪ್ಪು ಆಯಿಲ್ ಹಾಕಿದ ದಿನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಗಾಳಿ ಹೋಗಿರುವುದರಿಂದ ಲಿವರ್ ಗಟ್ಟಿಯಾಗಿರುತ್ತದೆ, ದುಡ್ಡು ಕೊಟ್ಟವರಿಗೂ ಸಮಾಧಾನ. ಆಮೇಲೆ ನಿಧಾನವಾಗಿ ಲಕ್ಷಣಗಳು ಶುರುವಾಗುತ್ತವೆ. ಲಿವರ್ ಬಿಟ್ಟರೆ ಪಟ್ಟಂತ ವಾಪಸ್ ಹೋಗುವ ಬದಲು ಎಳೆದಂತೆ ಹೋಗುತ್ತದೆ. ಚಕ್ರ ತಿರುಗಿಸಿದರೆ ಪ್ಯಾಡ್ ಡಿಸ್ಕಿಗೆ ಸವರುವ ಸದ್ದು ನಿಲ್ಲುವುದಿಲ್ಲ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ಎಷ್ಟು ಸಾರಿ ನಡುವಿಗೆ ಕೂರಿಸಿದರೂ ಸರಿಹೋಗುವುದಿಲ್ಲ. ಕ್ಯಾಲಿಪರ್ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಸ್ಪ್ರಿಂಗ್ ಅಲ್ಲ, ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ಸೀಲು. ಬ್ರೇಕ್ ಒತ್ತಿದಾಗ ಅದು ಸ್ವಲ್ಪ ಬಾಗಿ, ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಎಳೆದುಕೊಳ್ಳುತ್ತದೆ. ಉಬ್ಬಿದ ಸೀಲಿಗೆ ಈ ಕೆಲಸ ಆಗುವುದಿಲ್ಲ.

ಊರೊಳಗೆ ಓಡಾಡುವವರಿಗೆ ಇದು ಸಣ್ಣ ಕಿರಿಕಿರಿ ಅನ್ನಿಸಬಹುದು. ಘಾಟಿಯಲ್ಲಿ ಇದೇ ಅಪಾಯ. ಸವರುತ್ತಲೇ ಇರುವ ಪ್ಯಾಡಿನಿಂದ ಕ್ಯಾಲಿಪರ್ ಬಿಸಿಯಾಗುತ್ತದೆ, ಬಿಸಿಗೆ ಆಯಿಲ್ ಹಿಗ್ಗುತ್ತದೆ. ಹಿಗ್ಗಿದ ಆಯಿಲ್ ಲಿವರಿನ ಟ್ಯಾಂಕಿಗೆ ವಾಪಸ್ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಲಿವರಿನೊಳಗೆ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲು ಊದಿ ಆ ತೂತಿಗೆ ಅಡ್ಡ ನಿಂತರೆ ಆಯಿಲಿಗೆ ದಾರಿಯಿಲ್ಲ, ಪ್ಯಾಡುಗಳು ತಾವಾಗಿಯೇ ಡಿಸ್ಕನ್ನು ಬಿಗಿಯಾಗಿ ಹಿಡಿಯುತ್ತವೆ, ಬಿಸಿ ಇನ್ನೂ ಏರುತ್ತದೆ. ಕೊನೆಗೆ ಮೆತ್ತಗಾದ ಸೀಲಿನ ಅಂಚು ಹರಿದರೆ ಒತ್ತಡವೇ ನಿಲ್ಲುವುದಿಲ್ಲ. ಜೋಡುಪಾಲದ ಹತ್ತಿರ ಆದದ್ದು ಇದೇ ಕ್ರಮದಲ್ಲಿ. ಸವಾರನಿಗೆ ಮೊದಲು ಸೈಕಲ್ ಯಾರೋ ಹಿಂದಕ್ಕೆ ಜಗ್ಗಿದಂತೆ ಅನ್ನಿಸಿತ್ತು, ಆಮೇಲೆ ಏಕಾಏಕಿ ಲಿವರ್ ಖಾಲಿ.

ಬಿಚ್ಚಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಹೆಬ್ಬೆರಳಲ್ಲಿ ಒತ್ತಿದರೂ ಕದಲಲಿಲ್ಲ. ಟ್ಯಾಂಕಿನ ರಬ್ಬರ್ ಪರದೆ ಸಪಾಟಾಗಿರುವ ಬದಲು ಅಲೆ ಅಲೆಯಾಗಿ ಸುಕ್ಕಾಗಿತ್ತು. ಒಳಗಿನ ಆಯಿಲನ್ನು ಸಿರಿಂಜಿನಲ್ಲಿ ತೆಗೆದು ಒಂದು ಗಾಜಿನ ಲೋಟದ ನೀರಿಗೆ ಬಿಟ್ಟಾಗ ಹೆಚ್ಚಿನದೆಲ್ಲ ಕೆಳಗಿಳಿದು, ಕಡ್ಡಿಯಲ್ಲಿ ಕಲಕಿದ ಕೂಡಲೇ ನೀರಲ್ಲಿ ಕರಗಿಹೋಯಿತು. ಮೇಲೆ ತೆಳು ಗುಲಾಬಿ ಬಣ್ಣದ ಒಂದು ಪೊರೆ ಮಾತ್ರ ತೇಲುತ್ತಿತ್ತು, ಅದು ಹೊರಬರದೆ ಉಳಿದಿದ್ದ ಹಳೆಯ ಶಿಮಾನೊ ಆಯಿಲ್. ಲೋಟದ ತಳದಲ್ಲಿ ಕಪ್ಪು ಪುಡಿ. ಅದು ರಬ್ಬರ್.

ಈ ಲೋಟದ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಲಿವರಿನ ಬ್ಲೀಡ್ ಸ್ಕ್ರೂ (ಗಾಳಿ ತೆಗೆಯುವ ಸ್ಕ್ರೂ) ಬಿಚ್ಚಿ ನಾಲ್ಕು ಹನಿ ತೆಗೆದರೆ ಸಾಕು. ಮಿನರಲ್ ಆಯಿಲ್ ನೀರಿನ ಮೇಲೆ ತೇಲುತ್ತದೆ, ಕಲಕಿದರೂ ಮತ್ತೆ ಮೇಲೆ ಬಂದು ಕೂಡಿಕೊಳ್ಳುತ್ತದೆ. ಡಾಟ್ ನೀರಲ್ಲಿ ಬೆರೆತುಹೋಗುತ್ತದೆ. ಬಣ್ಣವನ್ನು ಮಾತ್ರ ನಂಬಬೇಡಿ: ಶಿಮಾನೊ ಆಯಿಲ್ ಗುಲಾಬಿ ಕೆಂಪು, ಮಗುರಾದ್ದು ನೀಲಿ ಎಂಬುದು ನಿಜ, ಆದರೆ ಹಳೆಯದಾದ ಮೇಲೆ ಎಲ್ಲವೂ ಕಂದು ಕಪ್ಪು.

ನಿಮ್ಮ ಬ್ರೇಕಿಗೆ ಯಾವುದು ಬೇಕು ಎಂದು ತಿಳಿಯಲು ಲಿವರಿನ ಟ್ಯಾಂಕಿನ ಮೇಲೆ ಅಥವಾ ಕ್ಯಾಲಿಪರಿನ ಮೇಲೆ ನೋಡಿ, ಬಹುತೇಕ ಅಲ್ಲೇ ಬರೆದಿರುತ್ತದೆ. ಶಿಮಾನೊ, ಟೆಕ್ಟ್ರೊ, ಮಗುರಾ ಮಿನರಲ್ ಆಯಿಲಿನವು. ಸ್ರಾಮ್‌ನ ಲೆವೆಲ್, ಗೈಡ್, ಕೋಡ್ ಮಾದರಿಗಳು ಮತ್ತು ಹೋಪ್ ಬ್ರೇಕುಗಳು ಡಾಟ್‌ನವು. ಇಲ್ಲೂ ಒಂದು ಗುಂಡಿ ಇದೆ: ಸ್ರಾಮ್‌ನದ್ದೇ ಡಿಬಿ8 ಮತ್ತು ಮೇವನ್ ಮಿನರಲ್ ಆಯಿಲಿನವು. ಆದ್ದರಿಂದ ಕಂಪನಿ ಹೆಸರು ನೋಡಿ ತೀರ್ಮಾನಿಸಬೇಡಿ, ಮಾದರಿ ನೋಡಿ. ಡಾಟ್ 5 ಎಂದು ಬರೆದದ್ದು ಸಿಲಿಕೋನ್ ದ್ರವ, ಅದಕ್ಕೂ 5.1ಕ್ಕೂ ಸಂಬಂಧವಿಲ್ಲ, ಈ ಯಾವ ಬ್ರೇಕಿಗೂ ಅದು ಬೇಡ. ಹೊಲಿಗೆ ಮೆಷಿನ್ ಎಣ್ಣೆ, ಫೋರ್ಕ್ ಆಯಿಲ್, ಬೇಬಿ ಆಯಿಲ್ ಹಾಕಿ ಓಡಿಸಿದ್ದೇವೆ ಎನ್ನುವವರು ಸಿಗುತ್ತಾರೆ. ಅಂಥವರ ಹಿಂದೆ ಘಾಟಿ ಇಳಿಯದಿರುವುದು ಕ್ಷೇಮ.

ಗ್ಯಾರೇಜಿಗೆ ಕೊಡುವಾಗ ಬಾಟಲಿ ತೋರಿಸಿ ಅನ್ನಿ. ಸಂಕೋಚ ಬೇಡ. ಬಾಟಲಿ ಇಲ್ಲದಿದ್ದರೆ ನೀವೇ ತರಿಸಿ ಕೊಡಿ. ಒಂದು ಬ್ರೇಕಿಗೆ 50 ಮಿ.ಲೀ. ಸಾಕು. ಇನ್ನೂ ಒಂದು ಕೇಳಿ: ಸಿರಿಂಜ್ ಯಾವುದು? ಡಾಟ್ ಹಿಡಿದ ಸಿರಿಂಜಿನಲ್ಲೇ ಮಿನರಲ್ ಆಯಿಲ್ ತುಂಬಿದರೆ ಒಳ್ಳೆಯ ಆಯಿಲಿಗೂ ಕಲಬೆರಕೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್, ಬೇರೆ ಬೇರೆ ಪೈಪ್ ಇರಲೇಬೇಕು.

ಈಗಾಗಲೇ ತಪ್ಪು ಆಯಿಲ್ ಹಾಕಿಸಿಕೊಂಡಿದ್ದರೆ ಆ ಸೈಕಲ್ಲನ್ನು ಓಡಿಸಬೇಡಿ. "ಸ್ಪಿರಿಟ್ ಬಿಟ್ಟು ತೊಳೆದರೆ ಆಯ್ತು" ಎಂಬ ಸಲಹೆ ಬರುತ್ತದೆ. ದ್ರವ ಹೋಗುತ್ತದೆ, ಊದಿದ ರಬ್ಬರ್ ನಂಬಿಕೆಗೆ ಬರುವ ಸ್ಥಿತಿಗೆ ಮರಳುವುದಿಲ್ಲ. ಹೋಪ್, ಸ್ರಾಮ್‌ನಂಥವಕ್ಕೆ ಸೀಲು ಕಿಟ್ ಮಾರಾಟಕ್ಕಿದೆ, ಒಳಗಿನ ಎಲ್ಲಾ ರಬ್ಬರ್ ಬದಲಿಸಬಹುದು. ಶಿಮಾನೊ ಲಿವರ್ ಮತ್ತು ಕ್ಯಾಲಿಪರಿನ ಸೀಲುಗಳನ್ನು ಬಿಡಿಯಾಗಿ ಕೊಡುವುದಿಲ್ಲ. ಅಲ್ಲಿ ಇರುವ ದಾರಿ ಒಂದೇ: ಲಿವರ್, ಪೈಪ್, ಕ್ಯಾಲಿಪರ್ ಮೂರೂ ಸೇರಿದ ಹೊಸ ಸೆಟ್. ಎಂಟಿ200 ದುಬಾರಿ ಬ್ರೇಕ್ ಏನಲ್ಲ, ಆಯಿಲ್ ತುಂಬಿಯೇ ಬರುತ್ತದೆ. ಸೀಲಿನಿಂದ ಸೋರಿ ಆಯಿಲ್ ಕುಡಿದ ಪ್ಯಾಡುಗಳನ್ನೂ ಎಸೆಯಿರಿ; ಗ್ಯಾಸ್ ಒಲೆಯಲ್ಲಿ ಸುಟ್ಟು ಉಜ್ಜಿದರೆ ಸರಿಹೋಗುತ್ತದೆ ಎನ್ನುವುದು ಎರಡು ದಿನದ ಮಾತು. ಡಿಸ್ಕನ್ನು ಮಾತ್ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಉಳಿಸಿಕೊಳ್ಳಬಹುದು. ಡಾಟ್ ಚೆಲ್ಲಿದ ಕಡೆ ಕೂಡಲೇ ನೀರು ಹಾಕಿ, ಇಲ್ಲದಿದ್ದರೆ ಫ್ರೇಮಿನ ಬಣ್ಣ ಎದ್ದುಬರುತ್ತದೆ.

ಗಾಳಿ ತೆಗೆಯುವ ಕೆಲಸ ಮನೆಯಲ್ಲೇ ಮಾಡಬಹುದು, ಕಷ್ಟವಲ್ಲ. ಶಿಮಾನೊದಲ್ಲಿ ಹೀಗೆ. ಚಕ್ರ ತೆಗೆಯಿರಿ, ಪ್ಯಾಡ್ ತೆಗೆದು ದೂರ ಇಡಿ, ಪಿಸ್ಟನ್‌ಗಳನ್ನು ಒಳಕ್ಕೆ ತಳ್ಳಿ ಅವು ಮುಂದೆ ಬರದಂತೆ ತಡೆಯುವ ಬ್ಲೀಡ್ ಬ್ಲಾಕ್ ನಡುವೆ ಸಿಕ್ಕಿಸಿ. ಲಿವರಿನ ಟ್ಯಾಂಕ್ ನೆಲಕ್ಕೆ ಸಮಾನಾಂತರ ಬರುವಂತೆ ತಿರುಗಿಸಿ, ಬ್ಲೀಡ್ ಸ್ಕ್ರೂ ಬಿಚ್ಚಿ ಅದರ ಓ ರಿಂಗ್ ಜೋಪಾನ ಮಾಡಿ, ಅಲ್ಲಿಗೆ ಫನೆಲ್ ತಿರುಪಿ. ಕೆಳಗೆ ಕ್ಯಾಲಿಪರಿನ ನಿಪ್ಪಲ್‌ಗೆ ಗಾಳಿಯಿಲ್ಲದಂತೆ ಆಯಿಲ್ ತುಂಬಿದ ಸಿರಿಂಜ್ ಸಿಕ್ಕಿಸಿ, 7 ಮಿ.ಮೀ. ಸ್ಪ್ಯಾನರಿನಲ್ಲಿ ಅರೆಕಾಲು ಸುತ್ತು ಸಡಿಲಿಸಿ, ನಿಧಾನಕ್ಕೆ ಕೆಳಗಿನಿಂದ ಮೇಲಕ್ಕೆ ತಳ್ಳಿ. ಗುಳ್ಳೆ ಮೇಲಕ್ಕೇ ಹೋಗುವ ಜಾತಿಯದ್ದು, ಅದರ ದಾರಿಯಲ್ಲೇ ಕಳಿಸಿ. ಫನೆಲ್‌ಗೆ ಗುಳ್ಳೆ ಬರುವುದು ನಿಂತ ಮೇಲೆ ನಿಪ್ಪಲ್ ಮುಚ್ಚಿ, ಲಿವರನ್ನು ಮೆಲ್ಲಗೆ ಒತ್ತಿ ಬಿಡುತ್ತಾ ಪೈಪನ್ನು ಬೆರಳಿನಿಂದ ತಟ್ಟಿ. ಲಿವರನ್ನು 30 ಡಿಗ್ರಿಯಷ್ಟು ಮೇಲಕ್ಕೂ ಕೆಳಕ್ಕೂ ಓರೆ ಮಾಡಿ ಮತ್ತೆ ಒತ್ತಿದರೆ ಮೂಲೆಯಲ್ಲಿ ಅವಿತ ಗುಳ್ಳೆಗಳೂ ಹೊರಡುತ್ತವೆ. ಕೊನೆಗೆ ಫನೆಲ್ ತೆಗೆದು, ಆಯಿಲ್ ಸ್ವಲ್ಪ ಉಕ್ಕಿ ಹೊರಬರುವ ಹಾಗೆ ಸ್ಕ್ರೂ ಕೂರಿಸಿ. ನಿಪ್ಪಲ್ ಬಿಗಿತ 4ರಿಂದ 6 ನ್ಯೂಟನ್ ಮೀಟರ್. ಮೇಲಿನ ಸಣ್ಣ ಸ್ಕ್ರೂಗೆ ಬಲ ಹಾಕಬೇಡಿ, ಮರೆ (ಥ್ರೆಡ್) ಹೋಗುತ್ತದೆ. ಕ್ಯಾಲಿಪರ್ ಬೋಲ್ಟಿನ ಬಿಗಿತ 6ರಿಂದ 8 ನ್ಯೂಟನ್ ಮೀಟರ್.

ಮುಗಿದ ಮೇಲೆ ಪರೀಕ್ಷೆ: ಲಿವರನ್ನು ಬಲವಾಗಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಮೆಲ್ಲಮೆಲ್ಲಗೆ ಹ್ಯಾಂಡಲ್ ಕಡೆ ಜಾರುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸೀಲು ಹೋಗಿದೆ, ಎಷ್ಟು ಗಾಳಿ ತೆಗೆದರೂ ಪ್ರಯೋಜನವಿಲ್ಲ. ಒತ್ತಿದಾಗ ಸ್ಪಂಜಿನ ಹಾಗಿದ್ದು, ನಾಲ್ಕಾರು ಸಾರಿ ಪಂಪ್ ಮಾಡಿದರೆ ಗಟ್ಟಿಯಾದರೆ ಮಾತ್ರ ಅದು ಗಾಳಿ. ಜೀಪಿನಲ್ಲಿ, ಪಿಕಪ್ಪಿನಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ಸಾಗಿಸಿದ ಮೇಲೂ ಹೀಗಾಗುತ್ತದೆ, ಟ್ಯಾಂಕಿನ ಗಾಳಿ ಪೈಪಿಗೆ ಇಳಿದಿರುತ್ತದೆ. ಇಳಿಸಿದ ಕೂಡಲೇ ಹತ್ತದೆ, ಲಿವರ್ ಒತ್ತಿ ನೋಡಿ. ಚಕ್ರ ತೆಗೆದು ಸಾಗಿಸುವುದಾದರೆ ಪ್ಯಾಡುಗಳ ನಡುವೆ ಸ್ಪೇಸರ್ ಇಡಿ. ಖಾಲಿ ಇದ್ದಾಗ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್‌ಗಳು ಮುಂದೆ ಬಂದುಬಿಡುತ್ತವೆ.

ನಮ್ಮ ಮಳೆಗೆ ಇನ್ನೆರಡು ಮಾತು. ಮಿನರಲ್ ಆಯಿಲ್ ನೀರನ್ನು ಹೀರುವುದಿಲ್ಲ, ಆದರೆ ಒಳಗೆ ಸೇರಿದ ನೀರು ಭಾರವಾದ್ದರಿಂದ ಕ್ಯಾಲಿಪರಿನಲ್ಲೇ ಬಂದು ಕೂರುತ್ತದೆ, ಎಲ್ಲಕ್ಕಿಂತ ಬಿಸಿಯಾಗುವ ಜಾಗದಲ್ಲಿ, ಅದೂ 100 ಡಿಗ್ರಿಗೆ ಕುದಿಯುತ್ತದೆ. ಡಾಟ್ ನೀರನ್ನು ಹೀರುತ್ತದೆ: ಡಾಟ್ 4ರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಇರಬೇಕು, ತೇವ ಹೀರಿದ ಮೇಲಿನ ಮಾನದಂಡ 155. ಯಾವುದೇ ಆಗಲಿ, ಕಕ್ಕಡದ (ಜುಲೈ–ಆಗಸ್ಟಿನ ಕೊಡವ ತಿಂಗಳು) ಮಳೆಯಲ್ಲಿ ಓಡಿಸುವವರು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ತೋಟದ ಕೆಂಪು ಮಣ್ಣಿನ ಕೆಸರು ರೆಸಿನ್ ಪ್ಯಾಡನ್ನು ಒಂದೇ ದಿನದ ಸವಾರಿಯಲ್ಲಿ ತಿಂದು ಮುಗಿಸಬಲ್ಲದು. ತಗಡಿನ ಮೇಲೆ 0.5 ಮಿ.ಮೀ. ಮಾತ್ರ ಉಳಿದಾಗ ಬದಲಿಸಬೇಕು. ಶಿಮಾನೊ ಡಿಸ್ಕ್ ಹೊಸದಿದ್ದಾಗ 1.8 ಮಿ.ಮೀ., 1.5ಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು. ಕೆಸರು ಮೆತ್ತಿದ ಪಿಸ್ಟನ್ನನ್ನು ಒರೆಸದೆ ಒಳಕ್ಕೆ ತಳ್ಳಬೇಡಿ, ಸೀಲಿಗೆ ಗೀರು ಬೀಳುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆಸಿದರೆ ಪಾಲಿಶ್ ಸ್ಪ್ರೇ ಮಾತ್ರ ಹೊಡೆಸಬೇಡಿ. ಅದು ಡಿಸ್ಕಿಗೆ ತಾಗಿದರೆ ಕಿರುಚಾಟ ಶುರು, ಹಿಡಿತ ಹೋಯಿತು.

ಹೊಸ ಪ್ಯಾಡ್ ಹಾಕಿದ ದಿನವೇ ಘಾಟಿಗೆ ಇಳಿಯಬೇಡಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, ಸುಮಾರು ಇಪ್ಪತ್ತು ಸಾರಿ ಇಳಿಸಿ. ಆಮೇಲೆ ಇನ್ನೂ ಸ್ವಲ್ಪ ವೇಗದಿಂದ ಹತ್ತು ಸಾರಿ. ಪೂರ್ತಿ ನಿಲ್ಲಿಸಬೇಡಿ, ನಿಂತಲ್ಲೇ ಹಿಡಿದರೆ ಡಿಸ್ಕಿನ ಮೇಲೆ ಪ್ಯಾಡಿನ ಪದರ ಒಂದೇ ಕಡೆ ದಪ್ಪಗೆ ಕೂರುತ್ತದೆ. ಮುಂದಿನದು ಮುಗಿದ ಮೇಲೆ ಹಿಂದಿನದು, ಒಂದೊಂದೇ.