ಬಿಸಿಲಿನಲ್ಲೂ ಚಳಿಯಲ್ಲೂ: ಎಸ್‌ಎನ್‌ಎಫ್ ಮತ್ತು ಪಿಸಿಇ ಹೋಲಿಕೆ

ಕಲಬುರಗಿಯ ಒಂದು ಕಟ್ಟಡದ ಕೆಲಸದಲ್ಲಿ ಎಂ30 ದರ್ಜೆಯ ಕಾಂಕ್ರೀಟಿಗೆ ನ್ಯಾಫ್ಥಲೀನ್ ಮೂಲದ ಎಸ್‌ಎನ್‌ಎಫ್ ಮತ್ತು ಪಾಲಿಕಾರ್ಬಾಕ್ಸಿಲೇಟ್ ಮೂಲದ ಪಿಸಿಇ ಎಂಬ, ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಲೀಸಾಗಿ ಹರಿಯುವಂತೆ ಮಾಡುವ ಎರಡು ಸೂಪರ್‌ಪ್ಲಾಸ್ಟಿಸೈಸರ್‌ಗಳನ್ನು, ಸಿಮೆಂಟ್, ಜಲ್ಲಿ, ಎಂ-ಸ್ಯಾಂಡ್, ನೀರಿನ ಅನುಪಾತ ಯಾವುದನ್ನೂ ಬದಲಿಸದೆ, ಮೇ ತಿಂಗಳ ಮಧ್ಯಾಹ್ನವೂ ಡಿಸೆಂಬರಿನ ಮುಂಜಾನೆಯೂ ಪರೀಕ್ಷಿಸಿ ನೋಡಿದೆ. ಸಿಮೆಂಟಿನ ತೂಕಕ್ಕೆ ಎಸ್‌ಎನ್‌ಎಫ್ ಶೇ 1ರಷ್ಟು, ಪಿಸಿಇ ಶೇ 0.6ರಷ್ಟು ಹಾಕಿದ್ದೆ.

ಮೇ ತಿಂಗಳಲ್ಲಿ ಮಿಶ್ರಣದ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಇತ್ತು. ಎಸ್‌ಎನ್‌ಎಫ್ ಹಾಕಿದ ಕಾಂಕ್ರೀಟಿನ ಸ್ಲಂಪ್ (ಶಂಕುವಿನಾಕಾರದ ಅಚ್ಚನ್ನು ಎತ್ತಿದಾಗ ಹಸಿ ಕಾಂಕ್ರೀಟ್ ಎಷ್ಟು ತಗ್ಗುತ್ತದೆ ಎಂಬ ಅಳತೆ; ಹೆಚ್ಚಿದ್ದಷ್ಟೂ ಸುರಿಯಲು ಸಲೀಸು) 160 ಮಿ.ಮೀ.ನಿಂದ ಮುಕ್ಕಾಲು ಗಂಟೆಯಲ್ಲಿ 70ಕ್ಕೆ ಕುಸಿಯಿತು. ಪಿಸಿಇಯದು ಒಂದು ಗಂಟೆಯ ನಂತರವೂ 170ರಿಂದ 125ಕ್ಕಷ್ಟೇ ಇಳಿದಿತ್ತು. ಸೆಕೆ ಹೆಚ್ಚಿದಂತೆ ಸಿಮೆಂಟಿನಲ್ಲಿರುವ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್ ನೀರಿನೊಡನೆ ಚುರುಕಾಗಿ ವರ್ತಿಸಿ, ಎಸ್‌ಎನ್‌ಎಫ್‌ನ ಒಂದು ಪಾಲನ್ನು ತನ್ನೊಳಗೇ ಹುದುಗಿಸಿಕೊಂಡುಬಿಡುತ್ತದೆ. ಆದ್ದರಿಂದ ನೀರು ಬೆರೆಸಿ ಎರಡು ನಿಮಿಷ ಕಳೆದ ಮೇಲೆ ಅದನ್ನು ಹಾಕಿಸಿದೆ. ಅದೇ ಪ್ರಮಾಣಕ್ಕೆ ಮುಕ್ಕಾಲು ಗಂಟೆಯ ಸ್ಲಂಪ್ 105 ಬಂತು. ಒಂದು ಪೈಸೆ ಖರ್ಚಿಲ್ಲದ ಈ ಕ್ರಮವನ್ನು ಬಹಳಷ್ಟು ಸೈಟುಗಳಲ್ಲಿ ಯಾರೂ ಪಾಲಿಸದೆ, ಸ್ಲಂಪ್ ಬಿದ್ದಾಗ ಮೇಸ್ತ್ರಿಯ ಕೈಯಲ್ಲಿ ನೀರು ಸುರಿಸುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಹಾಗೆ ಸುರಿದ ನೀರು ಕಾಂಕ್ರೀಟಿನ ಬಲವನ್ನೇ ತಿನ್ನುತ್ತದೆ.

ಡಿಸೆಂಬರಿನಲ್ಲಿ, 19 ಡಿಗ್ರಿಯ ಮಿಶ್ರಣದಲ್ಲಿ, ಎಸ್‌ಎನ್‌ಎಫ್ ತಕರಾರಿಲ್ಲದೆ ನಡೆದುಕೊಂಡಿತು. ತೊಂದರೆ ಕೊಟ್ಟದ್ದು ಪಿಸಿಇ: ಅರ್ಧ ಗಂಟೆಯ ಮೇಲೆ ಸ್ಲಂಪ್ ಇಳಿಯುವ ಬದಲು 190ಕ್ಕೆ ಏರಿ, ಮೇಲ್ಮೈಯಲ್ಲಿ ನೀರು ಒಸರತೊಡಗಿತು. ಚಳಿಯಲ್ಲಿ ಅದು ಸಿಮೆಂಟ್ ಕಣಗಳಿಗೆ ನಿಧಾನವಾಗಿ ಅಂಟುವುದರಿಂದ, ದ್ರಾವಣದಲ್ಲಿ ಉಳಿದ ಭಾಗ ತಡವಾಗಿ ಕೆಲಸಕ್ಕಿಳಿಯುತ್ತದೆ. ಪ್ರಮಾಣವನ್ನು ಶೇ 0.5ಕ್ಕೆ ಇಳಿಸಿದಾಗ ಸರಿಹೋಯಿತು. ಬೇಸಿಗೆಯ ಪ್ರಮಾಣವನ್ನೇ ಚಳಿಗಾಲಕ್ಕೂ ಮುಂದುವರಿಸಬಾರದು.

ಕಾಂಕ್ರೀಟ್ ಗಟ್ಟಿಯಾಗುವುದನ್ನು ತಡಮಾಡುವ, ಗ್ಲುಕೊನೇಟ್ ಮೂಲದ ರಿಟಾರ್ಡರನ್ನೂ ಎಸ್‌ಎನ್‌ಎಫ್ ಜೊತೆ ಪ್ರಯತ್ನಿಸಿದೆ. ಹಗಲಿನಲ್ಲಿ ಉಪಕಾರವಾಯಿತು, ರಾತ್ರಿ ತಂಪಾದಾಗ ಗಟ್ಟಿಯಾಗುವುದು ಅತಿಯಾಗಿ ತಡವಾಯಿತು. ಕಾಂಕ್ರೀಟ್ ಸುರಿಯುವಾಗ ಅದರ ಉಷ್ಣತೆ 40 ಡಿಗ್ರಿ ಮೀರುವಂತಿದ್ದರೆ ಭಾರತೀಯ ಮಾನಕ ಐಎಸ್ 7861ರ ಮೊದಲ ಭಾಗ ಅದನ್ನು ಬಿಸಿ ಹವೆಯ ಕೆಲಸವೆಂದೇ ಪರಿಗಣಿಸುತ್ತದೆ. ಅಂಥಲ್ಲಿ ರಾಸಾಯನಿಕವನ್ನು ಹೆಚ್ಚಿಸುವ ಮೊದಲು ನೀರಿಗೆ ಮಂಜುಗಡ್ಡೆ ಹಾಕುವುದು, ಜಲ್ಲಿಯನ್ನು ನೆರಳಿನಲ್ಲಿಡುವುದು ಮೇಲು.

ಕಾಂಕ್ರೀಟ್ ಕಲಸಿ ಕಳಿಸುವ ಬ್ಯಾಚಿಂಗ್ ಪ್ಲಾಂಟ್ ದೂರವಿದ್ದರೆ ನನ್ನ ಆಯ್ಕೆ ಪಿಸಿಇ. ಸ್ಥಳದಲ್ಲೇ ಕಲಸುವುದಾದರೆ, ಎರಡು ನಿಮಿಷ ತಡೆದು ಹಾಕಿದ ಎಸ್‌ಎನ್‌ಎಫ್ ಸಾಕು. ಆದರೆ ನಮ್ಮ ಕಡೆಯ ಎರೆಮಣ್ಣು ಮರಳಿಗೆ ಸೇರಿದ್ದರೆ, ಅದರ ಉಬ್ಬುವ ಜೇಡಿಕಣಗಳು ಪಿಸಿಇಯನ್ನು ಹೀರಿಕೊಳ್ಳುವುದರಿಂದ, ಆ ದುಬಾರಿ ವಸ್ತುವನ್ನು ತರಿಸುವ ಮೊದಲು ಮರಳನ್ನು ತೊಳೆಸಬೇಕು.